ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ: ಮನೆ ಕಂಪ್ಯೂಟರ್‌ಗಳ ನಡುವಣ ದೋಷಪತ್ತೆ

ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಎಂದರೆ ಒಂದು ಊರಿನ ಕಂಪ್ಯೂಟರಿನ ಪರದೆಯನ್ನು ಜಾಲದ ಮೂಲಕ ಇನ್ನೊಂದು ಊರಿನ ಕಂಪ್ಯೂಟರಿನಲ್ಲಿ ಕಂಡು, ಅಲ್ಲಿನ ಕೀಲಿಮಣೆ ಮತ್ತು ಮೌಸ್‌ನಿಂದಲೇ ಅದನ್ನು ನಡೆಸುವ ವ್ಯವಸ್ಥೆ. ಕಚೇರಿಗಳಲ್ಲಿ ಇದನ್ನು ನೋಡಿಕೊಳ್ಳಲು ತಂತ್ರಜ್ಞರಿರುತ್ತಾರೆ. ಎರಡು ಮನೆಗಳ ನಡುವೆ ಅಂತರಜಾಲದ ಮೂಲಕ ಈ ಸಂಪರ್ಕ ಕಲ್ಪಿಸುವಾಗ ವಿದ್ಯುತ್ತು, ತಂತಿ, ಐಪಿ ವಿಳಾಸ, ರೂಟರ್, ಫೈರ್‌ವಾಲ್, ಖಾತೆ ಇವೆಲ್ಲವನ್ನೂ ಮನೆಯವರೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಸಂಪರ್ಕ ಎಲ್ಲಿ ಕಡಿದಿದೆ ಎಂಬುದನ್ನು ಕ್ರಮವಾಗಿ ಗುರುತಿಸಿ ಸರಿಪಡಿಸುವ ಕೆಲಸವೇ ದೋಷಪತ್ತೆ. ಈ ಲೇಖನ ಅದನ್ನು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಪಂಜ ಪ್ರದೇಶದ ಜಾಲ ಪರಿಸ್ಥಿತಿಯನ್ನು ಆಧಾರವಾಗಿಟ್ಟುಕೊಂಡು ವಿವರಿಸುತ್ತದೆ.

ಪರಿಭಾಷೆ

ಯಾವ ಕಂಪ್ಯೂಟರನ್ನು ದೂರದಿಂದ ನಡೆಸಲಾಗುತ್ತದೆಯೋ ಅದು ಆತಿಥೇಯ ಕಂಪ್ಯೂಟರ್. ಯಾವುದರ ಮುಂದೆ ಕುಳಿತು ನಡೆಸಲಾಗುತ್ತದೆಯೋ ಅದು ಗ್ರಾಹಕ ಕಂಪ್ಯೂಟರ್. ಎರಡರ ನಡುವೆ ಮಾಹಿತಿ ಸಾಗುವ ನಿಯಮಾವಳಿ ಪ್ರೋಟೋಕಾಲ್. ಒಂದೇ ವಿಳಾಸದಲ್ಲಿ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ ಪೋರ್ಟ್. ಮನೆಯೊಳಗಿನ ಹಲವು ಸಾಧನಗಳ ಖಾಸಗಿ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಹೊಂದಿಸಿ ಕಳಿಸುವ ಕ್ರಮ ನ್ಯಾಟ್. ಇದೇ ಕೆಲಸವನ್ನು ಸೇವಾದಾತ ಸಂಸ್ಥೆ ನೂರಾರು ಮನೆಗಳಿಗೆ ಒಟ್ಟಾಗಿ ಮಾಡಿದರೆ ಅದು ಸಿಜಿನ್ಯಾಟ್.

ಹುಟ್ಟು ಮತ್ತು ಬೆಳವಣಿಗೆ

ದೂರದ ಯಂತ್ರದಲ್ಲಿ ನಡೆಯುವ ಕಾರ್ಯಕ್ರಮದ ಚಿತ್ರವನ್ನು ಇಲ್ಲಿನ ಪರದೆಯಲ್ಲಿ ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ಸಿದ್ಧವಾದ ವಿಎನ್‌ಸಿ 1998ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ರಿಮೋಟ್ ಡೆಸ್ಕ್‌ಟಾಪ್ ಪ್ರೋಟೋಕಾಲನ್ನು, ಅಂದರೆ ಆರ್‌ಡಿಪಿಯನ್ನು, ಬಳಕೆಗೆ ತಂದಿತು. 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್ ಆವೃತ್ತಿಯ ಮೂಲಕ ಅದು ಸಾಮಾನ್ಯ ಮೇಜಿನ ಕಂಪ್ಯೂಟರಿಗೂ ಬಂತು.

ಆರಂಭದ ಈ ವ್ಯವಸ್ಥೆಗಳಿಗೆ ಆತಿಥೇಯ ಕಂಪ್ಯೂಟರಿನ ವಿಳಾಸ ಗೊತ್ತಿರಬೇಕಿತ್ತು, ಆ ವಿಳಾಸಕ್ಕೆ ನೇರ ದಾರಿಯೂ ಬೇಕಿತ್ತು. ನ್ಯಾಟ್ ಎಲ್ಲೆಡೆ ಹಬ್ಬಿದಂತೆ ಮನೆಗಳ ಮಟ್ಟಿಗೆ ಆ ದಾರಿ ಮುಚ್ಚಿತು. ಜರ್ಮನಿಯಲ್ಲಿ 2005ರಲ್ಲಿ ಆರಂಭವಾದ ಟೀಮ್‌ವ್ಯೂವರ್ ಮತ್ತು 2014ರಲ್ಲಿ ಆರಂಭವಾದ ಎನಿಡೆಸ್ಕ್, ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, 2016ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಕ್ವಿಕ್ ಅಸಿಸ್ಟ್ ಇವೆಲ್ಲ ನಡುವೆ ಒಂದು ಮಧ್ಯವರ್ತಿ ಸರ್ವರ್ ಇಟ್ಟು ಈ ತೊಡಕನ್ನು ದಾಟಿದವು.

ರಚನೆ ಮತ್ತು ಕಾರ್ಯವಿಧಾನ

ಸಂಪರ್ಕದಲ್ಲಿ ಎರಡು ಹರಿವುಗಳಿವೆ. ಗ್ರಾಹಕ ಕಂಪ್ಯೂಟರಿನ ಕೀಲಿ ಒತ್ತು ಮತ್ತು ಮೌಸ್ ಚಲನೆ ಆತಿಥೇಯದ ಕಡೆಗೆ ಹೋಗುತ್ತವೆ; ಅಲ್ಲಿ ಬದಲಾದ ಪರದೆಯ ಭಾಗಗಳು ಮರಳಿ ಬರುತ್ತವೆ. ಮೊದಲನೆಯದಕ್ಕೆ ಬೇಕಾದ ಜಾಲ ಸಾಮರ್ಥ್ಯ ಅತ್ಯಲ್ಪ. ಎರಡನೆಯದು ಆತಿಥೇಯ ಮನೆಯ ಅಪ್‌ಲೋಡ್ ವೇಗವನ್ನು ಅವಲಂಬಿಸಿದೆ. ಹಾಗಾಗಿ ಡೌನ್‌ಲೋಡ್ ವೇಗ ಎಷ್ಟೇ ಇದ್ದರೂ ಅಪ್‌ಲೋಡ್ ಕಡಿಮೆಯಿದ್ದರೆ ಪರದೆ ತಡೆತಡೆದು ಬರುತ್ತದೆ.

ಆರ್‌ಡಿಪಿ ಬಳಸುವ ಪೋರ್ಟ್ 3389. ಮೊದಲಿಗೆ ಟಿಸಿಪಿ ಎಂಬ ಸಾಗಣೆ ಪ್ರೋಟೋಕಾಲಿನಲ್ಲಿ ಮಾತ್ರ ಸಾಗುತ್ತಿದ್ದ ಅದು 2012ರ 8.0 ಆವೃತ್ತಿಯಿಂದ ಯುಡಿಪಿ ಎಂಬ ಇನ್ನೊಂದನ್ನೂ ಬಳಸುತ್ತದೆ. ವಿಎನ್‌ಸಿ ಬಳಸುವ ಪೋರ್ಟ್ ಸಾಮಾನ್ಯವಾಗಿ 5900.

ಮನೆಯೊಳಗಿನ ಖಾಸಗಿ ವಿಳಾಸಗಳು 10, 172.16ರಿಂದ 172.31, ಅಥವಾ 192.168 ಎಂದು ಆರಂಭವಾಗುತ್ತವೆ. ಇವು ಅಂತರಜಾಲದಲ್ಲಿ ಸಾಗುವುದಿಲ್ಲ. 32 ಬಿಟ್‌ಗಳ ಐಪಿವಿ4 ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಏಷ್ಯಾ-ಪೆಸಿಫಿಕ್ ವಲಯದ ದಾಸ್ತಾನು 2011ರ ಏಪ್ರಿಲ್‌ನಲ್ಲಿ ಕೊನೆಯ ಕಂತಿಗೆ ಇಳಿಯಿತು. ಮರುವರ್ಷ ಸಿಜಿನ್ಯಾಟ್ ಬಳಕೆಗೆಂದೇ 100.64ರಿಂದ 100.127ರವರೆಗಿನ ವಿಳಾಸಗಳನ್ನು ಪ್ರತ್ಯೇಕಿಸಿಡಲಾಯಿತು.

ವಿಧಗಳು

ನೇರ ಸಂಪರ್ಕ: ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಹೊರಗಿನಿಂದ ನೇರವಾಗಿ ಆತಿಥೇಯಕ್ಕೆ ದಾರಿ ಬಿಡುವುದು. ಮನೆಗೆ ಸಾರ್ವಜನಿಕ ವಿಳಾಸ ಇದ್ದರೆ ಮಾತ್ರ ಸಾಧ್ಯ. ಸುರಕ್ಷತೆಯ ದೃಷ್ಟಿಯಿಂದ ಅತ್ಯಂತ ದುರ್ಬಲ ವಿಧ.

ವಿಪಿಎನ್ ಮೂಲಕ ಸಂಪರ್ಕ: ಎರಡು ಮನೆಗಳ ನಡುವೆ ಗೂಢಲಿಪಿಯ ಸುರಂಗ ಕಟ್ಟಿ, ಅದರೊಳಗೆ ಆರ್‌ಡಿಪಿ ಅಥವಾ ವಿಎನ್‌ಸಿ ನಡೆಸುವುದು. 2020ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರ್ಪಡೆಯಾದ ವೈರ್‌ಗಾರ್ಡ್, ಅದನ್ನು ಆಧರಿಸಿದ ಟೇಲ್‌ಸ್ಕೇಲ್ ಈ ಬಗೆಯವು. ಟೇಲ್‌ಸ್ಕೇಲ್ ಸಿಜಿನ್ಯಾಟ್ ಹಿಂದೆಯೂ ಕೆಲಸ ಮಾಡುತ್ತದೆ.

ಮಧ್ಯವರ್ತಿ ಸರ್ವರ್ ಮೂಲಕ ಸಂಪರ್ಕ: ಎರಡೂ ಕಂಪ್ಯೂಟರ್‌ಗಳು ಒಳಗಿನಿಂದ ಹೊರಕ್ಕೆ ಮೂರನೆಯದಾದ ಸರ್ವರೊಂದನ್ನು ಸಂಪರ್ಕಿಸುತ್ತವೆ. ಆ ಸರ್ವರ್ ಎರಡನ್ನೂ ಪರಸ್ಪರ ಗುರುತಿಸಿಕೊಡುತ್ತದೆ. ನೇರ ದಾರಿ ಸಿಕ್ಕರೆ ಮಾಹಿತಿ ಅದರಲ್ಲೇ ಸಾಗುತ್ತದೆ, ಸಿಗದಿದ್ದರೆ ಸರ್ವರ್ ಮೂಲಕವೇ ಹಾದುಬರುತ್ತದೆ. ಎರಡನೆಯ ಸಂದರ್ಭದಲ್ಲಿ ವಿಳಂಬ ಹೆಚ್ಚು.

ಪರದೆ ಯಾರಿಗೆ ಕಾಣುತ್ತದೆ ಎಂಬ ದೃಷ್ಟಿಯಿಂದ ಇನ್ನೊಂದು ವಿಭಾಗವಿದೆ. ವಿಂಡೋಸ್ ಮೇಜು ಕಂಪ್ಯೂಟರಿಗೆ ಆರ್‌ಡಿಪಿಯಲ್ಲಿ ಪ್ರವೇಶಿಸಿದಾಗ ಆತಿಥೇಯದ ಪರದೆ ಬೀಗ ಬಿದ್ದು, ಅಲ್ಲಿ ಕುಳಿತವರಿಗೆ ಏನೂ ಕಾಣುವುದಿಲ್ಲ. ಕ್ವಿಕ್ ಅಸಿಸ್ಟ್, ಎನಿಡೆಸ್ಕ್ ಮುಂತಾದವುಗಳಲ್ಲಿ ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ. ಊರಿನ ಮನೆಯವರಿಗೆ ತೋರಿಸುತ್ತ ಕಲಿಸಲು ಎರಡನೆಯದೇ ತಕ್ಕದ್ದು.

ಪಂಜ ಪ್ರದೇಶದ ಜಾಲ ಪರಿಸ್ಥಿತಿ

ಪಂಜ ಪಶ್ಚಿಮ ಘಟ್ಟದ ತಪ್ಪಲಿಗೆ ಹತ್ತಿರದ, ಗುಡ್ಡ ಕಣಿವೆಗಳ ಪ್ರದೇಶ. ಮನೆಗಳು ಒತ್ತಾಗಿರದೆ ಅಡಿಕೆ ತೋಟಗಳ ನಡುವೆ ದೂರದೂರ ಚದುರಿವೆ. ಇದರಿಂದ ಪ್ರತಿ ಮನೆಗೆ ಎಳೆಯಬೇಕಾದ ತಂತಿಯ ಉದ್ದ ಹೆಚ್ಚು. ಮೊಬೈಲ್ ಟವರಿನ ಸಂಕೇತಕ್ಕೆ ಗುಡ್ಡಗಳು ಅಡ್ಡ ಬರುತ್ತವೆ. ಕಣಿವೆಯಲ್ಲಿರುವ ಮನೆಗೆ ರೇಂಜ್ ಸಿಗದೆ, ಅದೇ ಜಾಗದ ಗುಡ್ಡದ ತುದಿಯಲ್ಲಿ ಸಿಗುವುದು ಇದರಿಂದಲೇ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲಿ ಪ್ರಕಟವಾಗಿ ಈ ಭಾಗದ ಜಾಲ ಕೊರತೆ ಎಲ್ಲರಿಗೂ ತಿಳಿಯಿತು.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ದೂರವಾಣಿಯ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ಇದರ ವೇಗ ಇಳಿಯುವುದರಿಂದ ತೋಟದ ಒಳಗಿನ ಮನೆಗಳಿಗೆ ಹೆಚ್ಚು ಒದಗಲಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮನೆಗಳಿಗೆ ಎಫ್‌ಟಿಟಿಎಚ್, ಅಂದರೆ ಮನೆಯೊಳಗಿನವರೆಗೂ ಫೈಬರ್ ಬರುವ, ಸಂಪರ್ಕವನ್ನು ಬಹುಪಾಲು ಸ್ಥಳೀಯ ಪಾಲುದಾರರು ಕಂಬದಿಂದ ಕಂಬಕ್ಕೆ ಕೇಬಲ್ ಎಳೆದು ಒದಗಿಸುತ್ತಾರೆ.

ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 3,500 ಮಿ.ಮೀ. ಮೀರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿಯೂ ಫೈಬರ್ ಕೇಬಲೂ ಒಟ್ಟಿಗೆ ಕಡಿಯುವುದುಂಟು. ಮುಂಗಾರಿಗೆ ಮೊದಲು ಏಪ್ರಿಲ್-ಮೇಯಲ್ಲಿ, ಹಿಂಗಾರಿನ ಅಕ್ಟೋಬರ್-ನವೆಂಬರ್‌ನಲ್ಲಿ ಸಿಡಿಲಿನ ಹಾವಳಿ ಹೆಚ್ಚು. ಗಾಜಿನ ಎಳೆಯಾದ ಫೈಬರ್ ವಿದ್ಯುತ್ತನ್ನು ಹರಿಸುವುದಿಲ್ಲ. ಸಿಡಿಲಿನ ಆಘಾತ ಒಎನ್‌ಟಿ (ಫೈಬರ್ ಬಂದು ಸೇರುವ ಮನೆಯ ಪೆಟ್ಟಿಗೆ) ಮತ್ತು ರೂಟರಿಗೆ ತಲಪುವುದು ಮುಖ್ಯವಾಗಿ ಅವುಗಳ ಅಡಾಪ್ಟರ್ ಮೂಲಕ. ತಾಮ್ರದ ದೂರವಾಣಿ ತಂತಿಯಾದರೆ ಅದರ ಮೂಲಕವೂ ತಲಪುತ್ತದೆ.

ದೋಷಪತ್ತೆಯ ಕ್ರಮ

ದೋಷಪತ್ತೆಯಲ್ಲಿ ಕೆಳಗಿನ ಹಂತದಿಂದ ಮೇಲಕ್ಕೆ ಹೋಗುವುದು ವಾಡಿಕೆ: ವಿದ್ಯುತ್ತು, ತಂತಿ, ವಿಳಾಸ, ಪೋರ್ಟ್, ಸೇವೆ, ಖಾತೆ, ಪರದೆ. ಕೆಳಗಿನ ಹಂತ ಸರಿಯಿದೆ ಎಂದು ಖಚಿತವಾಗದೆ ಮೇಲಿನ ಹಂತದ ಸೆಟ್ಟಿಂಗ್ ಬದಲಿಸಿದರೆ ಹೊಸ ದೋಷ ಸೇರಿಕೊಂಡು ಮೂಲ ಕಾರಣ ಮರೆಯಾಗುತ್ತದೆ.

ವಿದ್ಯುತ್ತು ಮತ್ತು ನಿದ್ರಾವಸ್ಥೆ. ಆತಿಥೇಯ ಕಂಪ್ಯೂಟರ್ ಆಫ್ ಆಗಿದ್ದರೆ ಅಥವಾ ಸ್ಲೀಪ್ ಸ್ಥಿತಿಗೆ ಹೋಗಿದ್ದರೆ ಸಂಪರ್ಕ ಸಿಗದು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನಿಲ್ಲಿಸುವುದು, ಕರೆಂಟು ಹೋಗಿ ಬಂದಾಗ ತಾನಾಗಿ ಆನ್ ಆಗುವ ಆಯ್ಕೆಯನ್ನು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಹಾಕಿಡುವುದು ಇದಕ್ಕೆ ಪರಿಹಾರ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರೂ ಒಎನ್‌ಟಿಗೆ ಕರೆಂಟು ಇಲ್ಲದಿದ್ದರೆ ಜಾಲ ಇರುವುದಿಲ್ಲ. ಅದನ್ನು ಇನ್ವರ್ಟರ್ ಲೈನಿಗೆ ಅಥವಾ 12 ವೋಲ್ಟ್‌ನ ಸಣ್ಣ ಯುಪಿಎಸ್‌ಗೆ ಜೋಡಿಸಬೇಕು. ನಿದ್ರಿಸುವ ಕಂಪ್ಯೂಟರನ್ನು ಎಬ್ಬಿಸುವ ವೇಕ್-ಆನ್-ಲ್ಯಾನ್ ಸಂಕೇತ ಮನೆಯ ಜಾಲದೊಳಗೆ ಮಾತ್ರ ಸಾಗುತ್ತದೆ. ಹೊರಗಿನಿಂದ ಎಬ್ಬಿಸಬೇಕಾದರೆ ಮನೆಯೊಳಗೆ ಸದಾ ಆನ್ ಇರುವ ಇನ್ನೊಂದು ಸಾಧನ ಬೇಕು. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವೆಂದು ಕಂಡು, ಜಾಲ ಸರಿಯಿದ್ದರೂ ಸಂಪರ್ಕ ಸಿಗದೆಹೋಗುತ್ತದೆ.

ತಂತಿ ಮತ್ತು ಸಂಕೇತ. ಒಎನ್‌ಟಿಯಲ್ಲಿ ಪಾನ್ ದೀಪ ಸ್ಥಿರವಾಗಿ ಹಸಿರು ಇದ್ದರೆ ಫೈಬರ್ ಸರಿಯಿದೆ. ಲಾಸ್ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ಕೇಬಲ್ ಕಡಿದಿದೆ ಅಥವಾ ಮಡಚಿದೆ ಎಂದರ್ಥ. ಇದನ್ನು ಮನೆಯೊಳಗೆ ಸರಿಪಡಿಸಲಾಗದು. ಪಾನ್ ಸರಿಯಿದ್ದೂ ಜಾಲ ಇಲ್ಲದಿದ್ದರೆ ದೋಷ ಲಾಗಿನ್ ಖಾತೆಯದು ಅಥವಾ ಸೇವಾದಾತರದು. ಮೊಬೈಲ್ ಹಾಟ್‌ಸ್ಪಾಟ್ ಬಳಸುವಲ್ಲಿ ಫೋನಿಗೆ ಕರೆ ಬಂದಾಗ ಡೇಟಾ ನಿಲ್ಲುವುದು ಸಂಪರ್ಕ ಕಡಿಯಲು ಒಂದು ಕಾರಣ.

ವಿಳಾಸ. ರೂಟರಿನ ಪುಟದಲ್ಲಿ ಕಾಣುವ ವ್ಯಾನ್ ವಿಳಾಸವನ್ನು, ಅಂದರೆ ರೂಟರಿನ ಹೊರಬದಿಯ ವಿಳಾಸವನ್ನು, ಹೊರಗಿನ ಜಾಲತಾಣವೊಂದು ತೋರಿಸುವ ಸಾರ್ವಜನಿಕ ವಿಳಾಸದೊಂದಿಗೆ ಹೋಲಿಸಿ ನೋಡಬೇಕು. ಎರಡೂ ಒಂದೇ ಆಗಿದ್ದರೆ ಮನೆಗೆ ಸಾರ್ವಜನಿಕ ವಿಳಾಸ ಇದೆ. ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಇದ್ದರೆ ಅದು ಸಿಜಿನ್ಯಾಟ್. ಆಗ ಮನೆಯ ರೂಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಐಪಿವಿ4ರಲ್ಲಿ ಹೊರಗಿನಿಂದ ದಾರಿ ತೆರೆಯುವುದಿಲ್ಲ. ವ್ಯಾನ್ ವಿಳಾಸ 192.168 ಎಂದಿದ್ದರೆ ಒಎನ್‌ಟಿ ಮತ್ತು ಮನೆಯವರು ಬೇರೆಯಾಗಿ ತಂದ ರೂಟರ್ ಎರಡೂ ನ್ಯಾಟ್ ಮಾಡುತ್ತಿರುವುದು ಸಾಮಾನ್ಯ ಕಾರಣ. ಒಂದನ್ನು ನ್ಯಾಟ್ ಮಾಡದ ಬ್ರಿಜ್ ಸ್ಥಿತಿಗೆ ಹಾಕಬೇಕು. ಸಾರ್ವಜನಿಕ ವಿಳಾಸವೂ ಕರೆಂಟು ಹೋಗಿ ಬಂದಾಗ ಬದಲಾಗಬಹುದು. ಸೇವಾದಾತರಿಂದ ಹಣ ತೆತ್ತು ಪಡೆಯುವ ಸ್ಥಿರ ಐಪಿ, ಅಥವಾ ಬದಲಾದ ವಿಳಾಸವನ್ನು ಒಂದು ಹೆಸರಿಗೆ ಹೊಂದಿಸುತ್ತಿರುವ ಡಿಡಿಎನ್‌ಎಸ್ ಇದಕ್ಕೆ ಪರಿಹಾರ.

ಪೋರ್ಟ್ ಮತ್ತು ಫೈರ್‌ವಾಲ್. ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶ ಬಂದರೆ ಕೋರಿಕೆ ಯಾವುದೋ ಯಂತ್ರವನ್ನು ತಲಪಿದೆ, ಆದರೆ ಆ ಪೋರ್ಟಿನಲ್ಲಿ ಸೇವೆ ಇಲ್ಲ ಎಂದು ತಿಳಿಯಬಹುದು. ಸಮಯ ಮೀರಿತು ಎಂದು ಬಂದರೆ ಕೋರಿಕೆ ದಾರಿಯಲ್ಲೇ ಬಿದ್ದುಹೋಗಿದೆ ಅಥವಾ ಯಂತ್ರ ಆಫ್ ಆಗಿದೆ. ಯಂತ್ರ ಜಾಲದಲ್ಲಿದೆಯೇ ಎಂದು ಕೇಳುವ ಪಿಂಗ್‌ಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಯಂತ್ರ ಇಲ್ಲವೆನ್ನಲಾಗದು. ವಿಂಡೋಸ್ ಫೈರ್‌ವಾಲ್ ಪಿಂಗನ್ನು ತಡೆದಿರಬಹುದು. ಆತಿಥೇಯದ ಖಾಸಗಿ ವಿಳಾಸ ಬದಲಾದರೆ ಫಾರ್ವರ್ಡಿಂಗ್ ಬೇರೆ ಸಾಧನಕ್ಕೆ ಹೋಗುವುದರಿಂದ ರೂಟರಿನಲ್ಲಿ ಆ ವಿಳಾಸವನ್ನು ಕಾಯ್ದಿರಿಸಬೇಕು. ಮನೆಯೊಳಗೆ ಕುಳಿತು ಮನೆಯ ಸಾರ್ವಜನಿಕ ವಿಳಾಸಕ್ಕೆ ಸಂಪರ್ಕಿಸುವ ಪರೀಕ್ಷೆ ಹಲವು ರೂಟರ್‌ಗಳಲ್ಲಿ ವಿಫಲವಾಗುತ್ತದೆ. ಪರೀಕ್ಷೆಯನ್ನು ಮೊಬೈಲ್ ಡೇಟಾದಂಥ ಹೊರಗಿನ ಜಾಲದಿಂದಲೇ ನಡೆಸಬೇಕು.

ಸೇವೆ. ವಿಂಡೋಸ್‌ನ ಹೋಮ್ ಆವೃತ್ತಿ ಆರ್‌ಡಿಪಿಯಲ್ಲಿ ಗ್ರಾಹಕವಾಗಬಲ್ಲದು, ಆತಿಥೇಯವಾಗದು. ಅಂಗಡಿಯಲ್ಲಿ ಕೊಳ್ಳುವ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಇದೇ ಆವೃತ್ತಿ ಇರುವುದರಿಂದ, ಅಂಥಲ್ಲಿ ಮಧ್ಯವರ್ತಿ ತಂತ್ರಾಂಶ ಅಥವಾ ವಿಎನ್‌ಸಿ ಬಳಸಬೇಕು. ಮ್ಯಾಕ್ ಕಂಪ್ಯೂಟರಿನಲ್ಲಿ ಪರದೆ ದಾಖಲಿಸುವ ಮತ್ತು ಕೀಲಿಮಣೆ ನಿಯಂತ್ರಿಸುವ ಅನುಮತಿಗಳನ್ನು ತಂತ್ರಾಂಶಕ್ಕೆ ಬೇರೆ ಬೇರೆಯಾಗಿ ಕೊಡಬೇಕು. ಮೊದಲನೆಯದನ್ನು ಮಾತ್ರ ಕೊಟ್ಟರೆ ಪರದೆ ಕಾಣುತ್ತದೆ, ಮೌಸ್ ಕೆಲಸ ಮಾಡುವುದಿಲ್ಲ.

ಖಾತೆ. ಪಾಸ್‌ವರ್ಡ್ ಇಲ್ಲದ ಖಾತೆಗೆ ವಿಂಡೋಸ್ ದೂರದಿಂದ ಪ್ರವೇಶ ಕೊಡುವುದಿಲ್ಲ. ನಿತ್ಯ ಬಳಸುವ ನಾಲ್ಕಂಕಿಯ ಪಿನ್ ಆ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ದೂರದಿಂದ ಖಾತೆಯ ಪೂರ್ಣ ಪಾಸ್‌ವರ್ಡ್ ಬೇಕು. 2018ರ ಮೇ ತಿಂಗಳ ಭದ್ರತಾ ಪರಿಷ್ಕರಣೆಯ ನಂತರ, ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗದಿದ್ದರೆ ದೃಢೀಕರಣ ದೋಷ ಎಂಬ ಸಂದೇಶ ಬರತೊಡಗಿತು. ಇದಕ್ಕೆ ಸರಿಯಾದ ಪರಿಹಾರ ಎರಡೂ ಯಂತ್ರಗಳನ್ನು ಅಪ್‌ಡೇಟ್ ಮಾಡುವುದು.

ಪರದೆ ಮತ್ತು ವೇಗ. ಪ್ರವೇಶ ಸಿಕ್ಕಿದ ಮೇಲೆ ಕಪ್ಪು ಪರದೆ ಮಾತ್ರ ಕಾಣುವುದಕ್ಕೆ ಹಲವು ಕಾರಣಗಳಿವೆ. ಪಿಪಿಪಿಒಇ ಎಂಬ ಕ್ರಮದಲ್ಲಿ ಲಾಗಿನ್ ಆಗುವ ಸಂಪರ್ಕಗಳಲ್ಲಿ ಮಾಹಿತಿ ಪೊಟ್ಟಣದ ಗರಿಷ್ಠ ಗಾತ್ರ 1500 ಬೈಟ್ ಬದಲು 1492. ರೂಟರ್ ಇದನ್ನು ಹೊಂದಿಸದಿದ್ದರೆ ಲಾಗಿನ್‌ನ ಸಣ್ಣ ಪೊಟ್ಟಣಗಳು ದಾಟಿ, ಚಿತ್ರದ ದೊಡ್ಡ ಪೊಟ್ಟಣಗಳು ಬಿದ್ದುಹೋಗುತ್ತವೆ. ಮಾನಿಟರ್ ಜೋಡಿಸದ ಕಂಪ್ಯೂಟರಿನಲ್ಲಿ ಕೆಲವು ತಂತ್ರಾಂಶಗಳಿಗೆ ತೋರಿಸಲು ಪರದೆಯೇ ಇರುವುದಿಲ್ಲ. ಅನುಮತಿ ಕೇಳುವ ವಿಂಡೋಸ್ ಪೆಟ್ಟಿಗೆ ತೆರೆದಾಗ ಸ್ಥಾಪಿಸದೆ ಬಳಸುವ ತಂತ್ರಾಂಶದಲ್ಲಿ ಪರದೆ ತಾತ್ಕಾಲಿಕವಾಗಿ ಮರೆಯಾಗುತ್ತದೆ. ಅಲ್ಲಿರುವವರೇ ಒಪ್ಪಿಗೆ ಒತ್ತಬೇಕು.

ಹೋಗಿಬರುವ ವಿಳಂಬ 100 ಮಿಲಿಸೆಕೆಂಡಿನೊಳಗೆ ಇದ್ದರೆ ಕೆಲಸ ಸರಾಗ. ಅದು ಮೀರಿದಂತೆ ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ. ಬಣ್ಣದ ಆಳ ಮತ್ತು ರೆಸಲ್ಯೂಷನ್ ಇಳಿಸುವುದು, ಹಿನ್ನೆಲೆ ಚಿತ್ರ ತೆಗೆಯುವುದು, ವೈಫೈ ಬದಲು ಲ್ಯಾನ್ ಕೇಬಲ್ ಬಳಸುವುದು ಇದಕ್ಕೆ ಉಪಾಯಗಳು. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಬರುವ ಸಂಪರ್ಕದಲ್ಲಿ ವಿಳಂಬ ಅರ್ಧ ಸೆಕೆಂಡಿಗೂ ಹೆಚ್ಚು. ಅದು ದೂರದಿಂದಲೇ ಉಂಟಾಗುವುದರಿಂದ ಯಾವ ಸೆಟ್ಟಿಂಗ್‌ನಿಂದಲೂ ತಗ್ಗದು.

ಕನ್ನಡ ಬರಹ. ಅಕ್ಷರಗಳ ಚಿತ್ರ ಸಿದ್ಧವಾಗುವುದು ಆತಿಥೇಯದಲ್ಲಿ. ಆದ್ದರಿಂದ ಫಾಂಟ್ ಅಲ್ಲಿದ್ದರೆ ಸಾಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಪಠ್ಯವನ್ನು ಅಲ್ಲಿಂದ ನಕಲಿಸಿ ಇಲ್ಲಿ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಪಠ್ಯಕ್ಕೆ ಈ ತೊಂದರೆಯಿಲ್ಲ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ತಂತ್ರಾಂಶ ಎರಡೂ ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಚಾಲೂ ಇದ್ದರೆ ಕೀಲಿಗಳು ತಪ್ಪಾಗಿ ಮೂಡಬಹುದು. ಗ್ರಾಹಕದ ಕಡೆ ಅದನ್ನು ನಿಲ್ಲಿಸಬೇಕು.

ಸುರಕ್ಷತೆ

3389 ಪೋರ್ಟನ್ನು ಅಂತರಜಾಲಕ್ಕೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಸ್ವಯಂಚಾಲಿತ ದಾಳಿಗಳು ನಡೆಯುತ್ತವೆ. 2019ರ ಮೇಯಲ್ಲಿ ಬಯಲಾದ ಬ್ಲೂಕೀಪ್ ದೋಷದಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್‌ಗೆ ನುಗ್ಗಲು ಸಾಧ್ಯವಿತ್ತು. ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಬಿಡುಗಡೆ ಮಾಡಿತು. ಪೋರ್ಟ್ ಸಂಖ್ಯೆ ಬದಲಿಸುವುದು ದಾಳಿಯನ್ನು ತಡೆಯುವುದಿಲ್ಲ. ವಿಪಿಎನ್ ಒಳಗಿಂದ ಮಾತ್ರ ಪ್ರವೇಶ ಕೊಡುವುದು ಪರಿಣಾಮಕಾರಿ.

ಇನ್ನೊಂದು ಅಪಾಯ ವಂಚನೆ. ಬ್ಯಾಂಕಿನವರೆಂದು ಫೋನ್ ಮಾಡಿ, ಪರದೆ ಹಂಚುವ ತಂತ್ರಾಂಶ ಹಾಕಿಸಿಕೊಂಡು, ಸಂಪರ್ಕದ ಸಂಖ್ಯೆ ಕೇಳಿ ಹಣ ದೋಚುವ ವಿಧಾನದ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಎಚ್ಚರಿಕೆ ನೀಡಿತು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ; ಅದನ್ನು ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹಣ ಕಳೆದುಕೊಂಡವರು ದೂರು ನೀಡಬೇಕಾದ ರಾಷ್ಟ್ರೀಯ ಸಹಾಯವಾಣಿ 1930.

ಉಪಯೋಗಗಳು

ಬೆಂಗಳೂರು, ಮಂಗಳೂರು ಅಥವಾ ಕೊಲ್ಲಿ ದೇಶಗಳಲ್ಲಿರುವವರು ಊರಿನ ಮನೆಯ ಕಂಪ್ಯೂಟರನ್ನು ಸರಿಪಡಿಸಿಕೊಡುವುದು, ಪಹಣಿ ಇಳಿಸಿಕೊಡುವುದು, ಬಿಲ್ಲು ಪಾವತಿ, ತೋಟದ ಲೆಕ್ಕಪತ್ರ ನೋಡುವುದು ಗೃಹಬಳಕೆಯ ಮುಖ್ಯ ಉದಾಹರಣೆಗಳು. ಊರಿಗೆ ಬಂದವರು ನಗರದ ಮನೆಯಲ್ಲಿ ಬಿಟ್ಟುಬಂದ ಕಂಪ್ಯೂಟರಿನ ಕಡತಗಳನ್ನು ತೆರೆಯುವುದು ಇದರ ವಿರುದ್ಧ ದಿಕ್ಕಿನ ಬಳಕೆ. 2020ರ ಮಾರ್ಚ್‌ನ ಲಾಕ್‌ಡೌನ್ ಬಳಿಕ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಹಳ್ಳಿಗಳಿಗೂ ತಲಪಿತು. ಅದೇ ವರ್ಷದ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಹೊರಗುತ್ತಿಗೆ ಸೇವಾ ಸಂಸ್ಥೆಗಳ ನಿಯಮಗಳನ್ನು ಸಡಿಲಿಸಿ ಈ ಪದ್ಧತಿಗೆ ಅವಕಾಶ ನೀಡಿತು.

ಇಂದಿನ ಸ್ಥಿತಿ

ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು ಸೆಕೆಂಡಿಗೆ 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಿತು. ಜಾಲ ಇಲ್ಲದ ಹಳ್ಳಿಗಳಿಗೆ 4ಜಿ ಒಯ್ಯುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ನೀಡಿತ್ತು; ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಅದನ್ನು ಬಳಸುವ ಹಳೆಯ ಮನೆ ಕಂಪ್ಯೂಟರ್‌ಗಳನ್ನು ಆತಿಥೇಯವಾಗಿ ಜಾಲಕ್ಕೆ ತೆರೆಯುವುದು ಮೊದಲಿಗಿಂತ ಅಪಾಯಕರ.

128 ಬಿಟ್‌ಗಳ ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲೊಂದು. 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಇದಕ್ಕೆ ದೊಡ್ಡ ಕಾರಣ. ಐಪಿವಿ6ರಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಸಿಗುವುದರಿಂದ ನ್ಯಾಟ್ ಬೇಕಿಲ್ಲ. ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಕು. ಆದರೆ ಕೆಲವು ಮೊಬೈಲ್ ಜಾಲಗಳು ಹೊರಗಿನಿಂದ ಬರುವ ಐಪಿವಿ6 ಕೋರಿಕೆಗಳನ್ನೂ ತಡೆಯುತ್ತವೆ. ಅಂಥ ಜಾಲವನ್ನು ಬಳಸುವ ಮನೆಗಳಿಗೂ, ಎರಡರಲ್ಲಿ ಒಂದು ಕಡೆ ಐಪಿವಿ4 ಮಾತ್ರ ಇರುವ ಮನೆಗಳಿಗೂ ಮಧ್ಯವರ್ತಿ ಸರ್ವರ್ ಅಥವಾ ಸಿಜಿನ್ಯಾಟ್ ದಾಟಬಲ್ಲ ವಿಪಿಎನ್ ಇಂದಿಗೂ ಅಗತ್ಯವಾಗಿದೆ.